ಸದ್ದು ಮಾಡದ ಬ್ಯಾಗು

ಮೆಟ್ಟಿಲ ಮೇಲಿಂದ ಮತ್ತೆ ಅದೇ ಸದ್ದು ಕೇಳಿತು: ಟಕ್, ಟಕ್, ಟಕ್.

ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಶಿವಕ್ಕ ತಲೆಯಲ್ಲಾಡಿಸಿದರು. "ಇದೂ ಬಡೀತೈತೆ. ಬಿಚ್ಚವ್ವಾ."

ಮೊಮ್ಮಗಳು ಸೌಂದರ್ಯಾ ಏದುಸಿರು ಬಿಡುತ್ತ ಇಳಿದು ಬಂದಳು. ಅವಳು ಓಟದ ಬ್ಯಾಗುಗಳನ್ನು ಪರೀಕ್ಷಿಸುತ್ತಿದ್ದ ಕ್ರಮ, ರಾಜಾಜಿನಗರದ ಆ ಕ್ರೀಡಾ ಸಾಮಗ್ರಿ ಅಂಗಡಿಯ ಜಗನ್ನಾಥನಿಗೆ ಹೊಸದು. ಉಳಿದ ಗಿರಾಕಿಗಳು ಖಾಲಿ ಬ್ಯಾಗನ್ನು ಹೆಗಲಿಗೇರಿಸಿ ಕನ್ನಡಿಯ ಮುಂದೆ ನಿಲ್ಲುತ್ತಾರೆ. ಇವಳು ಎದೆಯ ಜೇಬಿನ ಬಾಟಲಿಗಳಿಗೆ ನೀರು ತುಂಬಿಸಿ, ಬೆನ್ನ ಕಡೆ ಮಳೆಯಂಗಿ, ಟಾರ್ಚು, ಶೇಂಗಾ ಚಿಕ್ಕಿ ತುರುಕಿ, ಮಹಡಿಯ ಮೆಟ್ಟಿಲುಗಳನ್ನು ಮುಂದಕ್ಕೆ ಬಾಗಿ ಓಡಿ ಹತ್ತುತ್ತಿದ್ದಳು. ಗುಡ್ಡ ಹತ್ತುವಾಗ ಯಾರೂ ಕನ್ನಡಿಯ ಮುಂದೆ ನಿಂತಂತೆ ನೆಟ್ಟಗೆ ನಿಂತಿರುವುದಿಲ್ಲ ಎಂಬುದು ಅವಳ ವಾದ.

ಬಡಿಯುತ್ತಿದ್ದುದು ಬ್ಯಾಗಿನ ಎದೆಪಟ್ಟಿಯ ಗಟ್ಟಿ ಬಕಲ್ಲು. ಪೆಟ್ಟು ಬೀಳುತ್ತಿದ್ದುದು ಟೀ ಶರ್ಟಿನೊಳಗೆ ಶಿವದಾರದಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆಗೆ, ಅದರೊಳಗೆ ಇಷ್ಟಲಿಂಗ. ಲಿಂಗದೀಕ್ಷೆಯ ದಿನದಿಂದ ಅದು ಅವಳ ಮೈಬಿಟ್ಟು ಹೋಗಿರಲಿಲ್ಲ. ಹೋದ ವರ್ಷದ ಗುಡ್ಡಗಾಡಿನ ಓಟದಲ್ಲಿ ಬಕಲ್ಲು ಹೆಜ್ಜೆ ಹೆಜ್ಜೆಗೂ ಕರಡಿಗೆಯನ್ನು ಎದೆಯೆಲುಬಿಗೆ ಕುಟ್ಟಿದ್ದರಿಂದ ಅವಳು ಅರ್ಧ ದಾರಿಯಲ್ಲೇ ನಿಲ್ಲಬೇಕಾಗಿತ್ತು. ರಕ್ತ ಹೆಪ್ಪುಗಟ್ಟಿದ್ದ ಆ ಜಾಗಕ್ಕೆ ವಾರವಿಡೀ ಶಾಖ ಕೊಟ್ಟವರು ಶಿವಕ್ಕನೇ. ಈ ಭಾನುವಾರ ಮತ್ತೆ ಅದೇ ಓಟ. ಕರಡಿಗೆಗೆ ಬಡಿಯದ ಬ್ಯಾಗು ಇಂದು ಸಿಗದಿದ್ದರೆ ಓಟಕ್ಕೇ ಹೋಗುವುದಿಲ್ಲವೆಂದು ಅವಳು ಅಜ್ಜಿಗೆ ಮಾತು ಕೊಟ್ಟಿದ್ದಳು.

"ಮೇಡಂ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ," ಎಂದ ಜಗನ್ನಾಥ. "ಅವತ್ತೊಂದಿನ ಅದನ್ನ ತೆಗ್ದು ಬ್ಯಾಗಲ್ಲೇ ಇಟ್ಕೊಂಡ್ಬಿಡಿ. ಜಿಪ್ ಇದೆ, ಸೇಫಾಗಿರುತ್ತೆ."

ಶಿವಕ್ಕ ಅವನನ್ನು ಕನ್ನಡಕದ ಮೇಲಿಂದ ನೋಡಿದರು. "ಓಡುವಾಗ ಭಾರ ಆಗ್ತೈತೆ ಅಂತ ತಲೆ ತೆಗ್ದು ಬ್ಯಾಗಲ್ಲಿ ಇಟ್ಕಂತೀಯೇನಪ್ಪಾ?"

"ಅಯ್ಯೋ, ತಪ್ಪಾಯ್ತು ಅಜ್ಜಿ!" ಜಗನ್ನಾಥ ನಕ್ಕು ಕೈಮುಗಿದ.

"ಇದನ್ನ ತೆಗೆಯಲ್ಲ ಅಣ್ಣ. ಈ ಸಲ ಅರ್ಧಕ್ಕೆ ನಿಲ್ಸೋದೂ ಇಲ್ಲ," ಎಂದಳು ಸೌಂದರ್ಯಾ.

ಆದರೆ ಕಪಾಟಿನಲ್ಲಿ ನೋಡದ ಬ್ಯಾಗು ಉಳಿದಿರಲಿಲ್ಲ. ಮೈಮೇಲಿದ್ದುದನ್ನು ಬಿಚ್ಚಲು ಎರಡೂ ಕೈಗಳನ್ನು ಪಕ್ಕೆಗಳ ಮೇಲಿಟ್ಟವಳು ಥಟ್ಟನೆ ನಿಂತಳು. ಬ್ಯಾಗನ್ನು ಅಂಗೈಗಳಿಂದ ಪಕ್ಕೆಗೆ ಬಿಗಿಯಾಗಿ ಒತ್ತಿ ಹಿಡಿದು ನಿಂತಲ್ಲೇ ಕುಪ್ಪಳಿಸಿದಳು. ಸದ್ದಿಲ್ಲ. ಕೈಬಿಟ್ಟು ಕುಪ್ಪಳಿಸಿದಳು. ಟಕ್. ಮತ್ತೆ ಒತ್ತಿ ಹಿಡಿದಳು. ಸದ್ದಿಲ್ಲ.

"ಅಣ್ಣ, ಇದಕ್ಕಿಂತ ಚಿಕ್ಕ ಸೈಜಲ್ಲಿ ಇದೆಯಾ?"

"ಇದೆ. ಆದ್ರೆ ಬಂದ ತಕ್ಷಣ ನೀವೇ ದೊಡ್ಡದು ಕೊಡಿ ಅಂದ್ರಲ್ಲ?"

"ನಮ್ಮನೇಲಿ ಏನ್ ತಗೊಂಡ್ರೂ ಒಂದ್ ಸೈಜ್ ದೊಡ್ಡದೇ. ಅದೇ ಅಭ್ಯಾಸ ಆಗೋಗಿದೆ. ಐದನೇ ಕ್ಲಾಸಲ್ಲಿ ಹೊಲಿಸಿದ ಯೂನಿಫಾರ್ಮು ನಂಗೆ ಏಳರಲ್ಲಿ ಸರಿಹೋಯ್ತು."

"ಮತ್ತೆ? ಬೆಳಿಯೋ ಹುಡುಗಿಗೆ ಹಂಗೇ ಹೊಲಿಸ್ಬೇಕು," ಎಂದರು ಶಿವಕ್ಕ.

"ಈಗ ಇನ್ನೆಲ್ಲಿ ಬೆಳೀಲಿ ಅಜ್ಜಿ, ಅಡ್ಡಕ್ಕಾ?"

ಜಗನ್ನಾಥ ಒಳಗಿನಿಂದ ತಂದ ಚಿಕ್ಕ ಬ್ಯಾಗಿಗೆ ಬಕಲ್ಲೇ ಇರಲಿಲ್ಲ. ಅದರ ಬದಲು, ಎಳೆದರೆ ಹಿಗ್ಗುವ ಎರಡು ತೆಳು ಹುರಿಗಳಿದ್ದವು. ಅವುಗಳನ್ನು ಮೇಲಕ್ಕೂ ಕೆಳಕ್ಕೂ ಸರಿಸಬಹುದಿತ್ತು. ಸೌಂದರ್ಯಾ ಒಂದನ್ನು ಕರಡಿಗೆಗಿಂತ ಮೇಲಕ್ಕೆ, ಇನ್ನೊಂದನ್ನು ಅದಕ್ಕಿಂತ ಕೆಳಕ್ಕೆ ಸರಿಸಿ ಕೊಕ್ಕೆ ಹಾಕಿದಳು. ನಡುವೆ ಕರಡಿಗೆ ತನ್ನ ಪಾಡಿಗೆ ತಾನು ಉಳಿಯಿತು. ಬ್ಯಾಗು ಹೊರೆಯಂತೆ ಹೆಗಲಿಗೆ ಜೋತುಬೀಳದೆ, ಹೊಲಿಸಿದ ರವಿಕೆಯಂತೆ ಮೈಗೆ ಕೂತಿತು.

"ಅಷ್ಟು ಬಿಗಿಯಾದ್ರೆ ಉಸಿರು ಕಟ್ಟಲ್ವೇನೇ?" ಶಿವಕ್ಕನಿಗೆ ಆತಂಕ.

ಸೌಂದರ್ಯಾ ಎದೆ ತುಂಬ ಉಸಿರೆಳೆದಳು. ಹುರಿಗಳು ಹಿಗ್ಗಿದವು, ಉಸಿರು ಬಿಟ್ಟಾಗ ಮತ್ತೆ ಒಳಸರಿದವು. ಅವಳು ನೀರನ್ನೂ ಸಾಮಾನನ್ನೂ ಅದಕ್ಕೆ ತುಂಬಿಕೊಂಡು, ಮುಂದಕ್ಕೆ ಬಾಗಿ, ಮೆಟ್ಟಿಲು ಹತ್ತಿ ಮಹಡಿಯ ತಿರುವಿನಲ್ಲಿ ಮರೆಯಾದಳು.

ಶಿವಕ್ಕ ಕಿವಿಗೊಟ್ಟರು. ಏನೂ ಕೇಳಿಸಲಿಲ್ಲ. ಕುರ್ಚಿಯ ಕೈ ಹಿಡಿದು ಎದ್ದು ನಿಂತರು. "ಯಾಕಪ್ಪಾ, ನಿಂತುಬಿಟ್ಲೇನು?"

ಜಗನ್ನಾಥ ಕತ್ತು ಚಾಚಿ ನೋಡಿದ. "ಇಲ್ಲ ಅಜ್ಜಿ! ಓಡ್ತಾನೇ ಇದಾರೆ!"

ಭಾನುವಾರ ಸಂಜೆ, ಗುಡ್ಡದ ಬುಡದ ಅಂತಿಮ ಗೆರೆಯ ಬಳಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಕೊನೆಯ ಇಳಿಜಾರಿನಲ್ಲಿ ಸೌಂದರ್ಯಾ ಕಾಣಿಸಿಕೊಂಡಳು. ಮೊಣಕಾಲು ತರಚಿತ್ತು, ಶೂಗಳ ಬಣ್ಣ ಕೆಸರಿನಲ್ಲಿ ಗುರುತೇ ಸಿಗುತ್ತಿರಲಿಲ್ಲ, ಮುಖದಲ್ಲಿ ಮಾತ್ರ ನಗು. ಹೋದ ವರ್ಷ ಜೀಪಿನಲ್ಲಿ ಕೂತು ಬಂದಿದ್ದ ದಾರಿಯನ್ನು ಅವಳು ಈ ಸಲ ಓಡಿಯೇ ಮುಗಿಸಿ, ಎರಡೂ ಕೈಗಳನ್ನೆತ್ತಿ ಗೆರೆ ದಾಟಿದಳು. ಯಾರೋ ಅವಳ ಕೊರಳಿಗೆ ಪದಕ ಹಾಕಿದರು.

ಅವಳು ಬ್ಯಾಗಿನ ಕೊಕ್ಕೆಗಳನ್ನು ಬಿಡಿಸಿ, ಅದನ್ನು ಕಳಚಿ ನೆಲಕ್ಕಿಟ್ಟು, ನೇರ ಗೆರೆಯ ಪಕ್ಕದಲ್ಲಿ ಕಾಯುತ್ತಿದ್ದ ಶಿವಕ್ಕನ ಬಳಿ ಬಂದು ಕಾಲು ಮುಟ್ಟಲು ಬಗ್ಗಿದಳು. ಪದಕ ಮುಂದಕ್ಕೆ ತೂಗಿತು. ಅವಳು ಏಳುವಷ್ಟರಲ್ಲಿ ಅದು ಹಿಂದಕ್ಕೆ ಬಂದು, ಬೆವರಿನಲ್ಲಿ ನೆನೆದ ಟೀ ಶರ್ಟಿನ ಮೇಲಿಂದಲೇ ಕರಡಿಗೆಗೆ ಬಡಿಯಿತು.

ಟಕ್.

ಸೌಂದರ್ಯಾಳ ಕೈ ಅಭ್ಯಾಸಬಲದಿಂದ ಎದೆಯತ್ತ ಹೋಯಿತು. ಶಿವಕ್ಕ ಆ ಕೈಯನ್ನು ಅರ್ಧದಲ್ಲೇ ಹಿಡಿದರು.

"ಇರಲಿ ಬಿಡವ್ವಾ. ಇದು ಬಡೀಲಿ."