ಬಳ್ಳಾರಿಗೆ ಬಂದ ಕೊಲೆಗಾರ

ಲಂಡನ್ನಿನ ಪತ್ತೇದಾರಿ ಕಾದಂಬರಿಯೊಂದನ್ನು ಪಂಪಣ್ಣ ಬಳ್ಳಾರಿಗೆ ಒಗ್ಗಿಸಿ ಬರೆಯುತ್ತಿದ್ದ. ಕೊಲೆಯ ಅಧ್ಯಾಯ ಸಂಜೆಯೊಳಗೆ ಅಚ್ಚಿಗೆ ಹೋಗದಿದ್ದರೆ ಮುಂದಿನ ಕಾದಂಬರಿಯ ಕೆಲಸ ಬೇರೆಯವರ ಪಾಲಾಗುತ್ತಿತ್ತು. ಬರೆದಷ್ಟನ್ನು ಹೆಂಡತಿಗೆ ಓದಿ ಹೇಳಿದ: "ದಟ್ಟ ಮಂಜಿನಲ್ಲಿ, ಉದ್ದ ಕೋಟು ತೊಟ್ಟ ಕೊಲೆಗಾರ ಯಾರ ಕಣ್ಣಿಗೂ ಬೀಳದೆ ನಡೆದ."

"ಬಳ್ಳಾರಿಯಾಗ ಮಂಜು?" ಹುಲಿಗೆಮ್ಮ ನಕ್ಕಳು.

"ಆತು ಬಿಡು, ಬ್ಯಾಸಗಿ ರಾತ್ರಿ ಅಂತ ಬರೀತೀನಿ. ಕೋಟೂ ತಗದುಬಿಟ್ಟೆ."

"ಬ್ಯಾಸಗಿಯಾಗ ಓಣಿ ಮಂದಿಯೆಲ್ಲ ಹೊರಗ ಮಂಚ ಹಾಕ್ಕೊಂಡು ಮಲಗಿರ್ತಾರಲ್ರೀ. ಯಾರ ಮನಿಗೆ ಹೊಂಟಿ, ಏನ್ ಕೆಲಸ ಅಂತ ಒಬ್ಬೊಬ್ಬರೂ ಕೇಳ್ತಾರ. ಕೊಲ್ಲಾಕ ಹೊಂಟೀನಿ ಅಂತಾನೇನು?"

ಪಂಪಣ್ಣ ತಲೆ ಕೆರೆದುಕೊಂಡ. "ಅಂವ ಕೊಲ್ಲಾಕ ಹೊಂಟ ಮನಿಯಾಗ ಒಬ್ಬಾಕಿ ಮಗಳದಾಳ. ಹೆಣ್ಣು ನೋಡಾಕ ಬಂದೀನಿ ಅಂತಾನ."

"ಹಂಗಂದ ಮ್ಯಾಲೆ ಅವನೊಬ್ಬನ್ನೇ ಹೋಗಾಕ ಬಿಡ್ತಾರೇನ್ರೀ? ಓಣಿಗೆ ಓಣೀನೇ ಎದ್ದು ಬೆನ್ನಿಗೆ ಬರತೈತಿ."

ಅದೂ ನಿಜವೇ. ಪಂಪಣ್ಣ ಓಣಿಯನ್ನೆಲ್ಲ ಎಬ್ಬಿಸಿ ಅವನ ಹಿಂದೆ ಕಳಿಸಿದ.

ಸಂಜೆ ಅಧ್ಯಾಯ ಅಚ್ಚಿಗೆ ಹೋದಾಗ, ಅದರ ಕೊನೆಯ ಪುಟದಲ್ಲಿ ಲಂಡನ್ನಿನ ಕೊಲೆಗಾರ ಬಾಸಿಂಗ ಕಟ್ಟಿಕೊಂಡು ನಿಂತಿದ್ದ.