ಬೆಟ್ಟದ ಬುಡ

ಶನಿವಾರದ ಚಾರಣಕ್ಕೆಂದು ಸೊಸೆ ಬೆನ್ನುಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಅತ್ತೆ ಬಂದು ಬಾಗಿಲಲ್ಲಿ ನಿಂತರು.

"ರಾತ್ರಿ ಮಲಗೋದು ಎಲ್ಲಂತೆ?"

"ಬೆಟ್ಟದ ಬುಡದಲ್ಲಿ, ಹೊಳೆ ಪಕ್ಕ. ಟೆಂಟ್ ಚಾರಣದವರೇ ಹಾಕಿಕೊಡ್ತಾರೆ."

"ಬೇಡ. ಈಗಲೇ ಫೋನ್ ಮಾಡಿ ಬೇಡ ಅನ್ನು."

"ಯಾಕತ್ತೆ? ಮೂರೇ ಕಿಲೋಮೀಟರ್ ನಡಿಗೆ, ಏರೂ ಇಲ್ಲ. ಬೆಟ್ಟದ ತುದಿಯಲ್ಲೂ ಒಂದು ಕ್ಯಾಂಪ್ ಇದೆ, ಎಲ್ಲ ವಿಚಾರಿಸಿಯೇ ಇದನ್ನ ಆರಿಸಿದ್ದೀನಿ. ನಿಮ್ಮ ಮಗನೂ ಒಪ್ಪಿದಾರೆ."

"ಅವನಿಗೇನು ಗೊತ್ತು? ಈ ಮನೇಲಿ ನಾನೂ ಒಬ್ಬಳು ಇದ್ದೀನಿ ಅನ್ನೋದು ನಿಮ್ಮಿಬ್ಬರಿಗೂ ನೆನಪಾಗಲ್ಲ. ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ. ತೀರ್ಮಾನ ಎಲ್ಲ ನಿಂದೇ, ನಂಗೆ ಬರೀ ಸುದ್ದಿ ಮುಟ್ಟಿಸ್ತೀಯ."

"ಒಂದು ರಾತ್ರಿ ಹೊರಗೆ ಮಲಗಿದ್ರೆ ಏನಾಗುತ್ತೆ ಅತ್ತೆ?"

"ಏನಾಗುತ್ತಾ? ಎದುರುಮನೆ ನಾಗಲಾಂಬಿಕೆ ಕೇಳಿದ್ರೆ ಯಾವ ಮುಖ ಇಟ್ಕೊಂಡು ಹೇಳಲಿ? ಬೀದಿಯವರೆಲ್ಲ ನಗ್ತಾರೆ."

ಸೊಸೆ ಚೀಲದ ಜಿಪ್ಪನ್ನು ಸರ್ರನೆ ಎಳೆದಳು. "ನಗೋರು ನಗಲಿ. ನಾನಂತೂ ಹೋಗೋದು ಬಿಡಲ್ಲ."

"ಹೋಗಬೇಡ ಅಂತ ಯಾರಂದ್ರು?"

ಅತ್ತೆ ಸರಸರನೆ ತಮ್ಮ ಕೋಣೆಗೆ ಹೋದರು. ಹಿಂತಿರುಗಿದಾಗ ಅವರ ಕಾಲಲ್ಲಿ ಹೊಸ ಬೂಟುಗಳಿದ್ದವು.

"ಆಷಾಢದಲ್ಲಿ ಬಗ್ಗಿ ಬಗ್ಗಿ ಸಾವಿರ ಮೆಟ್ಟಿಲಿಗೂ ಕುಂಕುಮ ಹಚ್ಕೊಂಡು ಚಾಮುಂಡಿ ಬೆಟ್ಟ ಹತ್ತಿದ ಮಂಡಿ ಇದು, ನನ್ನ ಹೆಸರನ್ನ ತುದಿ ಕ್ಯಾಂಪಿಗೆ ಬರೆಸು, ಬೇಕಾದ್ರೆ ನೀನು ಬುಡದಲ್ಲೇ ಮಲಗು."