ಹನ್ನೆರಡು ಮೊಲಗಳ ಕಿವಿ

“ಇನ್ನೂ ಎರಡಿಂಚು ಅಗಲ ಕತ್ತರಿಸಮ್ಮ,” ಎಂದಳು ಪುಟ್ಟಿಯ ತಾಯಿ.

ನಲವತ್ತು ವರ್ಷ ಟೈಲರಿಂಗ್ ಮಾಡಿದ್ದ ಅಜ್ಜಿ ಕತ್ತರಿ ಕೆಳಗಿಟ್ಟಳು. “ನೀನು ಹೇಳಿದ್ದು ಮೊಲದ ಕಿವಿ. ಹೀಗೇ ಅಗಲ ಮಾಡ್ತಾ ಹೋದ್ರೆ ಆನೆ ಆಗುತ್ತೆ ಕಣೇ.” ನಾಳೆ ಪುಟ್ಟಿಗೆ ಐದು ತುಂಬುತ್ತದೆ. ಬರುವ ಮಕ್ಕಳೆಲ್ಲ ಅವಳ ಮೆಚ್ಚಿನ ಕಾರ್ಟೂನಿನ ನೀಲಿ ಮೊಲಗಳಾಗಬೇಕು. ಹೇರ್‌ಬ್ಯಾಂಡಿಗೆ ಹೊಲಿದ ಹನ್ನೊಂದು ಜೋಡಿ ಕಿವಿ ಆಗಲೇ ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಉಳಿದದ್ದು ಪುಟ್ಟಿಯದೊಂದೇ. ತಾಯಿ ದನಿ ತಗ್ಗಿಸಿದಳು. “ಕೆಳಗೆ ಜೋತುಬಿದ್ದು ಅವಳ ಕಿವಿ ಮಷೀನ್ ಮುಚ್ಚಬೇಕಮ್ಮ. ಹೊಸ ಮಕ್ಕಳು ಬರ್ತಾವೆ, ಪಿಳಿಪಿಳಿ ನೋಡ್ತಾ ನಿಲ್ತಾವೆ.”

“ನೋಡ್ಲಿ ಬಿಡು. ಕಣ್ಣಿರೋದೇ ನೋಡೋಕೆ.”

ಅಷ್ಟರಲ್ಲಿ ಪುಟ್ಟಿ ಓಡಿಬಂದು ಮೇಜಿಗೆ ಗಲ್ಲ ಆನಿಸಿ ನಿಂತಳು. ಒಂದೊಂದೇ ಜೋಡಿ ಎತ್ತಿ, ಕಿವಿಯ ಹಿಂಬದಿಯನ್ನು ತಿರುಗಿಸಿ ನೋಡಿದಳು. ಹನ್ನೊಂದನೆಯದಕ್ಕೆ ಬರುವ ಹೊತ್ತಿಗೆ ಮುಖ ಸಪ್ಪಗಾಗಿತ್ತು. “ಅಜ್ಜೀ, ಇವಕ್ಕೆ ಮಷೀನೇ ಹಾಕಿಲ್ಲ! ಇಷ್ಟುದ್ದ ಕಿವಿ ಇಟ್ಕೊಂಡು, ಪಾಪ, ನಾಳೆ ನಾನು ಹಾಡಿದ್ರೆ ಯಾರಿಗೂ ಕೇಳಿಸಲ್ವಲ್ಲ!”

ಅಜ್ಜಿ ಗುಂಡಿಗಳ ಡಬ್ಬಿಯನ್ನು ಮಗಳ ಕಡೆಗೆ ಸರಿಸಿದಳು. ತಾಯಿ ಅದರಲ್ಲಿ ತಡಕಾಡಿ ಹನ್ನೊಂದು ಬಿಳಿ ಗುಂಡಿ ಆರಿಸಿದಳು. ಸೂಜಿಗೆ ದಾರ ಪೋಣಿಸಹೋದರೆ ಕಣ್ಣು ಮಂಜಾಗಿ ಮೂರು ಸಲ ತಪ್ಪಿತು.

“ಕೊಡಿಲ್ಲಿ, ಗುಂಡಿ ನಾನು ಹೊಲೀತೀನಿ,” ಎಂದಳು ಅಜ್ಜಿ. “ನೀನು ಪುಟ್ಟಿಯ ಜೋಡಿ ಕತ್ತರಿಸು. ಮೊಲದ ಅಳತೆಗೇ.”